ಲೈನು ನಿಂತರೆ ಯಾರನ್ನ ಬಯ್ಯೋದು?

"ಫ್ಯಾಕ್ಟೋರಿಯೋ ತಗೊಳ್ಳಲಾ, ರಿಮ್‌ವರ್ಲ್ಡ್ ತಗೊಳ್ಳಲಾ? ಎರಡೂ ಒಂದೇ ತರ ತಾನೇ?"

ಎರಡೂ ಕಂಪ್ಯೂಟರ್ ಗೇಮ್, ಒಂದರಲ್ಲಿ ಕಾರ್ಖಾನೆ ಕಟ್ಟೋದು, ಇನ್ನೊಂದರಲ್ಲಿ ಜನರ ನೆಲೆ ನಡೆಸೋದು. ಮೊದಲ ಮಾತು ಸರಿ, ಕೇಳಿ. ಎರಡನೇದು ಕೇಳಿದಾಗ ನನಗೆ ಉರಿಯುತ್ತೆ. ಆಫೀಸಿನ ಲಿಫ್ಟಿನಲ್ಲಿ, ಸಿಲ್ಕ್ ಬೋರ್ಡ್ ಹತ್ತಿರ ಅಲ್ಲಾಡದೆ ನಿಂತ ಕ್ಯಾಬಿನಲ್ಲಿ, ಒಮ್ಮೆ ಮದುವೆ ಊಟದ ಪಂಕ್ತಿಯಲ್ಲೂ ಉತ್ತರ ಕೊಟ್ಟಿದ್ದೀನಿ. ಹೋಳಿಗೆ ಮೇಲಿನ ತುಪ್ಪ ಗಟ್ಟಿಯಾಯ್ತು, ಕೇಳಿದವನು ಆಮೇಲೆ ಕ್ರಿಕೆಟ್ ಗೇಮ್ ತಗೊಂಡ. ಇನ್ನು ಬಾಯಲ್ಲಿ ಹೇಳಲ್ಲ.

ಮೇಲಿಂದ ನೋಡೋ ಆಟ, ಅದಿರು ಅಗೆಯೋದು, ಕಟ್ಟೋದು, ದಾಳಿ ತಡೆಯೋದು, ಅದಕ್ಕೇ ಒಂದೇ ತರ ಅಂತೆ. ಹಾಗಾದ್ರೆ ಚೌಚೌ ಬಾತ್ ತಟ್ಟೆಯಲ್ಲಿರೋದೂ ಎರಡೂ ರವೆಯೇ. ಕೇಸರಿಬಾತಿಗೆ ಚಟ್ನಿ ಹಾಕ್ಕೊಂಡು ತಿನ್ನಿ, ನೋಡೋಣ.

ಹೋದ ವರ್ಷ ದೀಪಾವಳಿಗೆ ಚಿಕ್ಕಪ್ಪ ಬಂದಿದ್ದರು. ಪೀಣ್ಯದಲ್ಲಿ ಮೂವತ್ತು ವರ್ಷ ಲೇತ್ ಮೇಲೆ ನಿಂತ ಟರ್ನರ್. ನಾನು ಫ್ಯಾಕ್ಟೋರಿಯೋದಲ್ಲಿ ಹಸಿರು ಸರ್ಕ್ಯೂಟಿನ ಲೈನು ಸರಿಮಾಡ್ತಿದ್ದೆ. ಒಂದು ಸರ್ಕ್ಯೂಟಿಗೆ ಒಂದು ಕಬ್ಬಿಣದ ತಗಡು, ಮೂರು ತಾಮ್ರದ ತಂತಿ. ಹಾಗಾಗಿ ಸರ್ಕ್ಯೂಟ್ ಮಾಡೋ ಎರಡು ಯಂತ್ರಕ್ಕೆ ತಂತಿ ಎಳೆಯೋ ಮೂರು ಯಂತ್ರ ಬೇಕು. ಹಳದಿ ಬೆಲ್ಟು ಸೆಕೆಂಡಿಗೆ 15 ಸಾಮಾನು ಹೊರುತ್ತೆ, ಅದಕ್ಕಿಂತ ಒಂದೂ ಹೆಚ್ಚಿಲ್ಲ. ಚಿಕ್ಕಪ್ಪ ಬೆನ್ನ ಹಿಂದೆ ಹತ್ತು ನಿಮಿಷ ಸುಮ್ಮನೆ ನಿಂತು ನೋಡಿದರು.

"ಕೆಲಸದೋರು ಎಲ್ಲೋ?"

"ಇಲ್ಲ ಚಿಕ್ಕಪ್ಪ, ನಾನೊಬ್ಬನೇ."

"ಮತ್ತೆ ಲೈನು ನಿಂತ್ರೆ ಯಾರನ್ನ ಬಯ್ತೀಯ?"

ನೋಡಿ, ಪ್ರಶ್ನೆ ಅಂದ್ರೆ ಇದು. ಇಷ್ಟು ವರ್ಷದಲ್ಲಿ ಒಬ್ಬ ಸಾಫ್ಟ್‌ವೇರಿನವನಿಗೂ ಹೊಳೆದಿರಲಿಲ್ಲ.

ಪ್ರಾಗ್‌ನ ವೂಬೆ ಕಂಪನಿಯವರು 2020ರಲ್ಲಿ 1.0 ಬಿಟ್ಟ ಈ ಆಟದಲ್ಲಿ ಬಯ್ಯೋಕೆ ಯಾರೂ ಸಿಗಲ್ಲ. ಲೈನು ನಿಂತಿದೆ ಅಂದ್ರೆ ಮೂರು ಗಂಟೆ ಹಿಂದೆ "ತಾಮ್ರ ಇಷ್ಟು ಸಾಕು" ಅಂದವನು ನಾನೇ. ಆಟದ ಹುಳಗಳು ದಾಳಿ ಮಾಡಿ ಗೋಡೆ ಕಡಿದರೂ ಅವು ಬಂದಿದ್ದು ನನ್ನ ಕಾರ್ಖಾನೆಯ ಹೊಗೆಗೆ. ಹಗಲೆಲ್ಲ ಮೀಟಿಂಗಿನಲ್ಲಿ ಹತ್ತು ಜನರ ಮುನಿಸು ಸಂಭಾಳಿಸಿ ಬಂದವನಿಗೆ ಇದಕ್ಕಿಂತ ನೆಮ್ಮದಿ ಇಲ್ಲ. ("ರಾತ್ರೀನೂ ಆಫೀಸ್ ಕೆಲಸಾನೇ ಮಾಡ್ತಿದ್ದೀಯಲ್ಲ" ಅಂತ ಮನೆಯಲ್ಲಿ ಅಂತಾರೆ. ಅಲ್ಲ. ಆಫೀಸಿನ ಲೈನು ಸರಿಹೋಗಿದ್ದನ್ನ ನಾನು ಕಂಡಿಲ್ಲ.) ತಗೊಳ್ಳೋದಾದ್ರೆ ರಿಯಾಯಿತಿಗೆ ಕಾಯಬೇಡಿ, ಸೇಲ್ ಹಾಕಲ್ಲ ಅಂತ ಪಟ್ಟು ಹಿಡಿದ ಜನ ಅವರು.

ರಿಮ್‌ವರ್ಲ್ಡ್‌ನಲ್ಲಿ ಬಯ್ಯೋಕೆ ಊರೇ ಇದೆ. ಮಾಮೂಲಿ ಆರಂಭದಲ್ಲಿ ಮೂರು ಜನ ಬಂದು ಬೀಳ್ತಾರೆ. ಒಬ್ಬ ಬೆಂಕಿ ಹತ್ತಿದರೂ ಆರಿಸಲ್ಲ, ಅದು ಅವನ ಸ್ವಭಾವ. ಇಬ್ಬರು ಪ್ರೀತಿಸಿ, ಮುರಿದು, ಅಡುಗೆ ಕೆಡಿಸ್ತಾರೆ. ಅದೂ ಸಾಲದಿದ್ರೆ ಕಷ್ಟ ಹಂಚೋ ಕಥೆಗಾರ ರ‍್ಯಾಂಡಿ ಇದ್ದಾನೆ, ಅವನಿಗೆ ಲೆಕ್ಕವೂ ಇಲ್ಲ, ನಾಚಿಕೆಯೂ ಇಲ್ಲ. ಬೆಳೆ ಸುಟ್ಟ ಮರುದಿನವೇ ದರೋಡೆಯವರನ್ನ ಕಳಿಸಬಲ್ಲ.

ಆಕ್ಸಿಜನ್ ನಾಟ್ ಇನ್‌ಕ್ಲೂಡೆಡ್ ಅನ್ನೋ ಇನ್ನೊಂದು ಗೇಮ್? ಅಲ್ಲಿ ಜನರೂ ಇದ್ದಾರೆ, ಪೈಪ್ ಲೆಕ್ಕವೂ ಇದೆ. ಯಂತ್ರದ ಬಿಸಿ ಹೊಲಕ್ಕೆ ಹಬ್ಬಿ 30 ಡಿಗ್ರಿ ದಾಟಿದರೆ ಮೀಲ್‌ವುಡ್ ಗಿಡ ಬೆಳೆಯೋದು ನಿಲ್ಲಿಸುತ್ತೆ. ನಾನು ಎರಡು ಸಲ ಉಸಿರುಕಟ್ಟಿಸಿ, ಒಂದು ಸಲ ಉಪವಾಸ ಕೆಡವಿ ಎಲ್ಲರನ್ನೂ ಕೊಂದು ಬಿಟ್ಟಿದ್ದೀನಿ. ಅದರ ಬಗ್ಗೆ ನನ್ನ ಕೇಳಬೇಡಿ.

ಚಿಕ್ಕಪ್ಪನಿಗೆ ಅವತ್ತು ರಾತ್ರಿ ರಿಮ್‌ವರ್ಲ್ಡ್ ತೋರಿಸಿದೆ. ಕೆಲಸದೋರು ಕಂಡಿದ್ದೇ ತಡ, ಕುರ್ಚಿ ಎಳೆದುಕೊಂಡರು. ಒಬ್ಬನ ಮೂಡ್ ಕೆಳಗಿಳೀತಿತ್ತು. ಯಾಕೆ ಅಂದರು. ಓದಿ ಹೇಳಿದೆ: ಟೇಬಲ್ ಇಲ್ಲದೆ ಊಟ ಮಾಡಿದ, ಮೈನಸ್ 3.

ಜೋರಾಗಿ ನಕ್ಕರು. "ಮೂವತ್ತು ವರ್ಷ ಲೇತ್ ಪಕ್ಕ ಕೂತು ಡಬ್ಬಿ ಬಿಚ್ಚಿದೀನಿ ಕಣೋ, ಅನ್ನದಲ್ಲಿ ಕಬ್ಬಿಣದ ಪುಡಿ." ನಾನು ಮುಂದಿನ ಕೆಲಸಕ್ಕೆ, ಗೋಡೆ ಎತ್ತಿಸೋಕೆ ಹೊರಟೆ. ಚಿಕ್ಕಪ್ಪ ಮೌಸ್ ಮೇಲೆ ಕೈ ಇಟ್ಟು ತಡೆದರು.

"ಗೋಡೆ ಆಮೇಲೆ. ಮೊದಲು ಅವನಿಗೊಂದು ಟೇಬಲ್ ಹಾಕೋ."