ಸೈಕಲ್ಲಿಗೂ ಜಾಗ ಬೇಕು
ಮೈಸೂರಲ್ಲಿ 2017ರಲ್ಲಿ ಟ್ರಿಣ್ ಟ್ರಿಣ್ ಎಂಬ ಬಾಡಿಗೆ ಸೈಕಲ್ ಯೋಜನೆ ಶುರುವಾದಾಗ ಆ ಸೈಕಲ್‌ಗಳಿಗೆ ಅಲ್ಲಲ್ಲಿ ಸ್ಟ್ಯಾಂಡ್ ಮಾಡಿದರು. ತುಂಬ ಒಳ್ಳೆಯ ಕೆಲಸ. ಆದರೆ ಸ್ವಂತ ಸೈಕಲ್‌ನವರು? ಪೇಪರ್ ಹಾಕುವ ಹುಡುಗರು, ಗಾರೆ ಕೆಲಸಕ್ಕೆ ಹೋಗುವವರು ಮಾರ್ಕೆಟ್ ಹತ್ತಿರ ಇವತ್ತಿಗೂ ಲೈಟ್ ಕಂಬ ಹುಡುಕುತ್ತಾರೆ, ಬೈಕ್‌ಗಳ ಸಾಲಲ್ಲಿ ನಿಲ್ಲಿಸಿದರೆ ಯಾರೋ ಎಳೆದು ಪಕ್ಕಕ್ಕೆ ಹಾಕಿರುತ್ತಾರೆ. ನಾವು ಕೆಲವರು ಸೇರಿ ಮನವಿ ಬರೆದಿದ್ದೇವೆ. ಮಾರ್ಕೆಟ್, ಬಸ್ ಸ್ಟ್ಯಾಂಡ್, ಲೈಬ್ರರಿ ಮುಂದೆ ಬಗ್ಗಿಸಿದ ಕಬ್ಬಿಣದ ಪೈಪ್ ನೆಟ್ಟರೆ ಸಾಕು, ಫ್ರೇಮಿಗೇ ಬೀಗ ಹಾಕಬಹುದು. ಬರೀ ಚಕ್ರ ಸಿಕ್ಕಿಸುವ ಸ್ಟ್ಯಾಂಡ್ ಬೇಡ, ಸೈಕಲ್ ವಾಲಿದರೆ ರಿಮ್ ಸೊಟ್ಟಗಾಗುತ್ತೆ. ಒಂದು ಕಾರಿನ ಜಾಗದಲ್ಲಿ ಹತ್ತು ಸೈಕಲ್ ನಿಲ್ಲುತ್ತವೆ, ಅಲ್ವಾ? ಇನ್ನೊಂದು, ಶಾಲೆಗಳ ಸುತ್ತ ವೇಗ ಗಂಟೆಗೆ 30 ಕಿಲೋಮೀಟರ್ ದಾಟಬಾರದು. ವಿಶ್ವ ಆರೋಗ್ಯ ಸಂಸ್ಥೆ ಹೇಳುವುದೂ ಇದನ್ನೇ. ಸಹಿ ಹಾಕುವವರು ಮೆಸೇಜ್ ಮಾಡಿ, ಮನೆಗೇ ತರುತ್ತೇವೆ.