ಬೀಜದ ಚೀಲದಲ್ಲಿ ನೀರು ತುಂಬಿದರೆ

ವೃಷಣವನ್ನು, ಅಂದರೆ ಬೀಜವನ್ನು, ಎರಡು ಪದರದ ತೆಳು ಪೊರೆ ಸುತ್ತಿರುತ್ತದೆ. ಪದರಗಳ ನಡುವೆ ಚೂರು ದ್ರವ ಒಸರುತ್ತಲೇ ಇರುತ್ತದೆ, ದೇಹ ಅದನ್ನು ಹೀರಿಕೊಳ್ಳುತ್ತಲೂ ಇರುತ್ತದೆ. ಈ ಲೆಕ್ಕ ತಪ್ಪಿದಾಗ ನೀರು ನಿಲ್ಲುತ್ತದೆ, ಅದೇ ಹೈಡ್ರೋಸೀಲ್. ಚೀಲ ನಯವಾಗಿ ಊದಿಕೊಳ್ಳುತ್ತದೆ, ಭಾರವೆನಿಸುತ್ತದೆ, ಆದರೆ ಸಾಮಾನ್ಯವಾಗಿ ನೋವಿರುವುದಿಲ್ಲ. ನೋವಿಲ್ಲವೆಂದೋ ನಾಚಿಕೆಯಿಂದಲೋ ವರ್ಷಗಟ್ಟಲೆ ಮುಚ್ಚಿಟ್ಟುಕೊಳ್ಳುವವರು ಬಹಳ.

ಆ ನೀರಿನಿಂದ ದೊಡ್ಡ ಅಪಾಯವಿಲ್ಲ. ನೀರು ಯಾಕೆ ಬಂತು ಎಂಬುದೇ ಮುಖ್ಯ. ಪೆಟ್ಟು, ಸೋಂಕು, ಆನೆಕಾಲು ರೋಗದ ಹುಳು ಕಾರಣವಾಗಿರಬಹುದು. ಅಪರೂಪಕ್ಕೆ ವೃಷಣದ ಕ್ಯಾನ್ಸರ್ ಕೂಡ. ವೃಷಣದ ಗಡ್ಡೆಗೂ ಎಷ್ಟೋ ಸಲ ನೋವಿರುವುದಿಲ್ಲ. ಸುತ್ತ ನೀರು ತುಂಬಿದ್ದರೆ ಒಳಗಿನ ಬೀಜ ಕೈಗೇ ಸಿಗುವುದಿಲ್ಲ. ಹಾಗಾಗಿ ದೊಡ್ಡವರಲ್ಲಿ ಹೊಸದಾಗಿ ಊತ ಕಂಡರೆ, ಅದರಲ್ಲೂ 15ರಿಂದ 40ರ ವಯಸ್ಸಿನಲ್ಲಿ, ಅಲ್ಟ್ರಾಸೌಂಡ್ ಸ್ಕ್ಯಾನ್ ಮಾಡಿಸಲೇಬೇಕು.

ಕತ್ತಲಲ್ಲಿ ಚೀಲದ ಹಿಂದೆ ಟಾರ್ಚ್ ಹಿಡಿದರೆ ನೀರಿದ್ದಲ್ಲಿ ಕೆಂಪಗೆ ಬೆಳಗುತ್ತದೆ. ಮನೆಯಲ್ಲಿ ಇದನ್ನೇ ನಂಬಿ ಕೂರಬೇಡಿ. ಹಸುಗೂಸಿನ ಹರ್ನಿಯಾದಲ್ಲಿ ಇಳಿದ ಕರುಳೂ ಹಾಗೆಯೇ ಬೆಳಗಬಹುದು. ಪೊರೆ ದಪ್ಪಗಾಗಿದ್ದರೆ ನೀರಿದ್ದರೂ ಬೆಳಗದು. ಕೆಮ್ಮಿದಾಗ ಉಬ್ಬಿ, ಮಲಗಿದಾಗ ಒಳಗೆ ಸರಿಯುವ ಊತವಾದರೆ ಹರ್ನಿಯಾದ ಅನುಮಾನ ಹೆಚ್ಚು.

ತಡಮಾಡಲೇಬಾರದ ಸಂದರ್ಭವೊಂದಿದೆ: ಇದ್ದಕ್ಕಿದ್ದಂತೆ ತೀವ್ರ ನೋವು, ಬೀಜ ಮೇಲಕ್ಕೆ ಎಳೆದುಕೊಂಡಂತಾಗುವುದು, ವಾಂತಿ. ಬೀಜ ತಿರುಚಿಕೊಂಡು ಅದಕ್ಕೆ ರಕ್ತ ಹರಿಯುವುದು ನಿಂತಿರಬಹುದು. ಸುಮಾರು 6 ಗಂಟೆಯೊಳಗೆ ಶಸ್ತ್ರಚಿಕಿತ್ಸೆಯಾದರೆ ಅದು ಉಳಿಯುವ ಸಾಧ್ಯತೆ ಹೆಚ್ಚು. ನಡುರಾತ್ರಿಯಾದರೂ ತುರ್ತು ವಿಭಾಗಕ್ಕೆ ಹೋಗಿ, ನೋವಿನ ಮಾತ್ರೆ ನುಂಗಿ ಬೆಳಗಾಗಲಿ ಎನ್ನಬೇಡಿ. ಗಟ್ಟಿಯಾಗಿ ನೋಯುತ್ತಾ ಒಳಗೆ ಹೋಗದ ಹರ್ನಿಯಾಕ್ಕೂ, ಜ್ವರದೊಡನೆ ಕೆಂಪಾದ ಚೀಲಕ್ಕೂ ಅಂದೇ ವೈದ್ಯರು ಬೇಕು.

ನವಜಾತ ಶಿಶುವಿನ ಹೈಡ್ರೋಸೀಲ್ ವೈದ್ಯರು ನೋಡಿ ಖಚಿತಪಡಿಸಿದ ಮೇಲೆ ಕಾಯಬಹುದು. ಹೆಚ್ಚಿನವು 1–2 ವರ್ಷದೊಳಗೆ ತಾವಾಗಿಯೇ ಇಳಿಯುತ್ತವೆ. ಆಮೇಲೂ ಉಳಿದರೆ ತೊಡೆಸಂದಿಯಲ್ಲಿ ಸಣ್ಣ ಕೊಯ್ತ ಹಾಕಿ, ಹೊಟ್ಟೆಯಿಂದ ನೀರಿಳಿಯುವ ಕಿರುದಾರಿಯನ್ನು ಕಟ್ಟುತ್ತಾರೆ.

ದೊಡ್ಡವರಲ್ಲಿ ತೊಂದರೆ ಕೊಡದ ಸಣ್ಣ ಊತಕ್ಕೆ ಸ್ಕ್ಯಾನ್ ಸರಿಯಿದ್ದರೆ ಚಿಕಿತ್ಸೆ ಬೇಡ. ಬರೀ ಸೂಜಿಯಿಂದ ನೀರು ತೆಗೆದರೆ ಪೊರೆ ಅಲ್ಲೇ ಉಳಿಯುವುದರಿಂದ ಮತ್ತೆ ತುಂಬುವುದೇ ಹೆಚ್ಚು, ಸೋಂಕಿನ ಭಯ ಬೇರೆ. ಶಸ್ತ್ರಚಿಕಿತ್ಸೆಯಲ್ಲಿ ಪೊರೆಯನ್ನು ಕತ್ತರಿಸುತ್ತಾರೆ ಇಲ್ಲವೇ ಮಗುಚಿ ಹೊಲಿಯುತ್ತಾರೆ. ಆಮೇಲೆ ಚೀಲಕ್ಕೆ ಆಧಾರ ಕೊಡುವ ಬಿಗಿ ಒಳಚಡ್ಡಿ ಹಾಕಿ, ಕೆಲವು ವಾರ ಭಾರ ಎತ್ತಬೇಡಿ. ಊತ ಪೂರ್ತಿ ಇಳಿಯಲು ವಾರಗಳೇ ಬೇಕು. ಆದರೆ ಮೊದಲ ಒಂದೆರಡು ದಿನದಲ್ಲಿ ಚೀಲ ಬಿಗಿದು ದೊಡ್ಡದಾಗುತ್ತಾ ಹೋದರೆ ಒಳಗೆ ರಕ್ತ ಕಟ್ಟುತ್ತಿದೆ ಎಂದರ್ಥ, ತಕ್ಷಣ ಸರ್ಜನ್‌ಗೆ ತೋರಿಸಿ.