ಸಿಮ್ ಕೊನೆಗೆ ಬಂದ್ ಮಾಡಿಸಿ

ಒಬ್ಬರು ತೀರಿಕೊಂಡ ಮೇಲೆ ಮನೆಯವರು ಬೇಗ ಮುಗಿಸಿಬಿಡುವ ಕೆಲಸಗಳಲ್ಲಿ ಮೊಬೈಲ್ ನಂಬರ್ ಬಂದ್ ಮಾಡಿಸುವುದೂ ಒಂದು. ಸುಮ್ಮನೆ ಬಿಲ್ ಯಾಕೆ ಕಟ್ಟಬೇಕು ಎಂಬ ಲೆಕ್ಕ. ಅವತ್ತಿನಿಂದ ಆ ನಂಬರಿಗೆ ಬರುತ್ತಿದ್ದ ಓಟಿಪಿಗಳೂ ನಿಂತವು. ಇಮೇಲ್ ಪಾಸ್‌ವರ್ಡ್ ಕೈಯಲ್ಲಿದ್ದರೂ ಬೇರೆ ಕಂಪ್ಯೂಟರಿನಲ್ಲಿ ಹಾಕಿದರೆ ಕೋಡ್ ಕೇಳುತ್ತದೆ, ಕೋಡ್ ಬರುವುದಿಲ್ಲ. ಇಮೇಲ್ ತೆರೆಯದಿದ್ದರೆ ಉಳಿದ ಖಾತೆಗಳ ‘ಪಾಸ್‌ವರ್ಡ್ ಮರೆತಿದ್ದೀರಾ’ ಲಿಂಕುಗಳೂ ಕೆಲಸಕ್ಕೆ ಬಾರವು.

ಸತ್ತ ಮೇಲೆ ನಮ್ಮ ಖಾತೆಗಳು ಮನೆಯವರ ಕೈಗೆ ಸಿಗುವುದು ಹೇಗೆ ಎಂಬ ವಿಷಯ ಬಂದಾಗೆಲ್ಲ ಪಾಸ್‌ವರ್ಡುಗಳನ್ನೆಲ್ಲ ಒಂದು ಪುಸ್ತಕದಲ್ಲಿ ಬರೆದಿಡಿ ಎನ್ನುವವರೇ ಹೆಚ್ಚು. ಆ ಪುಸ್ತಕ ಕೆಲವೇ ತಿಂಗಳಲ್ಲಿ ಹಳತಾಗುತ್ತದೆ. ಒಂದು ಕಾಗದದಲ್ಲಿ ಬರೆದಿಡಬೇಕಾದ್ದು ಯಾವ ಬೀಗದ ಕೀಲಿ ಎಲ್ಲಿದೆ ಎಂಬುದನ್ನು. ಫೋನಿನ ಲಾಕ್, ಸಿಮ್, ಮುಖ್ಯ ಇಮೇಲ್, ಪಾಸ್‌ವರ್ಡ್ ಮ್ಯಾನೇಜರ್ (ಎಲ್ಲ ಪಾಸ್‌ವರ್ಡುಗಳನ್ನು ಒಂದೇ ಬೀಗದಡಿ ಇಡುವ ಆ್ಯಪ್): ಈ ನಾಲ್ಕು ಸಿಕ್ಕರೆ ಉಳಿದವುಗಳಲ್ಲಿ ಹೆಚ್ಚಿನವು ಒಂದರ ಹಿಂದೆ ಒಂದು ಸಿಗುತ್ತವೆ.

ಫೋನಿನಿಂದ ಶುರು ಮಾಡೋಣ. ಮನೆಯವರ ಬೆರಳಚ್ಚನ್ನೂ ಸೇರಿಸಿದ್ದೇನೆ, ಅಷ್ಟು ಸಾಕು ಎಂದುಕೊಂಡರೆ ಸಾಲದು. ಫೋನ್ ಒಮ್ಮೆ ಆಫ್ ಆಗಿ ಆನ್ ಆದರೆ ಆಂಡ್ರಾಯ್ಡ್ ಆಗಲಿ ಐಫೋನ್ ಆಗಲಿ ಪಿನ್ ಹಾಕದೆ ತೆರೆಯುವುದಿಲ್ಲ. ಆನ್ ಇದ್ದರೂ 48 ಗಂಟೆ ಯಾರೂ ತೆರೆಯದಿದ್ದರೆ ಐಫೋನ್ ಪಾಸ್‌ಕೋಡನ್ನೇ ಕೇಳುತ್ತದೆ. ಊಹೆ ಮಾಡಿ ಒಂದೊಂದೇ ಹಾಕಿ ನೋಡುವುದು ಇನ್ನೂ ಅಪಾಯ: 10 ಸಲ ತಪ್ಪಿದರೆ ಎಲ್ಲ ಅಳಿಸಿಹಾಕು ಎಂಬ ಸೆಟ್ಟಿಂಗ್ ಆನ್ ಇದ್ದರೆ ಫೋನ್ ಖಾಲಿಯಾಗುತ್ತದೆ. ಮರಣ ಪ್ರಮಾಣಪತ್ರ ಹಿಡಿದು ಹೋದರೂ ಫೋನಿನಲ್ಲಿರುವುದನ್ನು ಅಳಿಸದೆ ಪಾಸ್‌ಕೋಡ್ ಮಾತ್ರ ತೆಗೆಯಲು ಆಪಲ್‌ನಿಂದಲೂ ಆಗದು. ಸಿಮ್‌ಗೇ ಪಿನ್ ಇಟ್ಟಿದ್ದರೆ ಅದೂ ಬೇಕು. 3 ಸಲ ತಪ್ಪಿದರೆ ಪಿಯುಕೆ, ಅಂದರೆ ಬೀಗ ಬಿದ್ದ ಸಿಮ್ ಬಿಡಿಸುವ ಕೋಡ್, ಕೇಳುತ್ತದೆ, ಪಿಯುಕೆ 10 ಸಲ ತಪ್ಪಿದರೆ ಆ ಸಿಮ್ ಸತ್ತಂತೆ. ಫೋನಿನೊಳಗೇ ಅಡಗಿರುವ ಇ-ಸಿಮ್ ಆದರೆ ಕಳಚಿ ಬೇರೆ ಫೋನಿಗೆ ಹಾಕುವ ದಾರಿಯೂ ಇಲ್ಲ. ಹಾಗಾಗಿ ನಿಮ್ಮ ಕಾಗದದ ಮೊದಲ ಸಾಲು ಫೋನಿನ ಪಿನ್.

ಗೂಗಲ್ ಖಾತೆ ಇದ್ದವರು ಇನ್‌ಆ್ಯಕ್ಟಿವ್ ಅಕೌಂಟ್ ಮ್ಯಾನೇಜರ್ ಎಂಬುದನ್ನು, ಅಂದರೆ ನೀವು ಖಾತೆ ಬಳಸುವುದು ನಿಂತ ಮೇಲೆ ಅದರಲ್ಲಿರುವುದು ಯಾರಿಗೆ ಹೋಗಬೇಕು ಎಂದು ಮೊದಲೇ ಹೇಳಿಡುವ ಸೌಲಭ್ಯವನ್ನು, ಇವತ್ತೇ ತುಂಬಬಹುದು. 2013ರಿಂದ ಇದೆ, ಹತ್ತು ನಿಮಿಷದ ಕೆಲಸ, ಆದರೂ ಗೊತ್ತಿರುವವರು ಕಡಿಮೆ. ಖಾತೆಯ ಪುಟದಲ್ಲಿ ಡೇಟಾ ಅಂಡ್ ಪ್ರೈವಸಿ ಭಾಗದ ಕೆಳಗಡೆ ಸಿಗುತ್ತದೆ. ನೀವು ಎಷ್ಟು ಕಾಲ ಕಾಣದಿದ್ದರೆ ಖಾತೆ ನಿಂತಿದೆ ಎಂದು ತಿಳಿಯಬೇಕು ಎಂಬುದು ಅಲ್ಲಿನ ಮೊದಲ ಪ್ರಶ್ನೆ. 3, 6, 12 ಅಥವಾ 18 ತಿಂಗಳು. ನನ್ನ ಮತ 6ಕ್ಕೆ. 3 ಇಟ್ಟರೆ ದೀರ್ಘ ಕಾಯಿಲೆಯಲ್ಲಿ ಬದುಕಿರುವಾಗಲೇ ಗಡುವು ಮುಗಿದೀತು. 18 ಇಟ್ಟರೆ ಮನೆಯವರಿಗೆ ಬೇಕಾದ ಕಾಲಕ್ಕೆ ಏನೂ ಸಿಗದು. ಗಡುವಿಗೆ ಒಂದು ತಿಂಗಳ ಮುಂಚೆ ನಿಮಗೇ ಎಸ್ಸೆಮ್ಮೆಸ್ಸು, ಇಮೇಲ್ ಬರುವುದರಿಂದ ಸುಮ್ಮನೆ ಹೆದರಬೇಕಿಲ್ಲ.

ಆಮೇಲೆ 10 ಜನರವರೆಗೆ ಹೆಸರಿಸಬಹುದು. ಯಾರಿಗೆ ಏನು ಸಿಗಬೇಕು ಎಂಬುದನ್ನು ಬೇರೆ ಬೇರೆಯಾಗಿ ಗುರುತಿಸಬಹುದು: ಒಬ್ಬರಿಗೆ ಫೋಟೋ ಮಾತ್ರ, ಇನ್ನೊಬ್ಬರಿಗೆ ಡ್ರೈವ್ ಮತ್ತು ಮೇಲ್. ಅವರ ಇಮೇಲ್ ಜೊತೆಗೆ ಫೋನ್ ನಂಬರನ್ನೂ ಕೊಡಬೇಕು, ಡೌನ್‌ಲೋಡ್ ಮಾಡುವಾಗ ಕೋಡ್ ಹೋಗುವುದು ಆ ನಂಬರಿಗೆ. ಅವರು ನಂಬರ್ ಬದಲಿಸಿ ನೀವು ಇಲ್ಲಿ ತಿದ್ದದೆ ಬಿಟ್ಟರೆ ಲಿಂಕ್ ಬಂದೂ ಪ್ರಯೋಜನವಿಲ್ಲ. ಲಿಂಕಿನ ಆಯಸ್ಸು 3 ತಿಂಗಳು. ಖಾತೆಯನ್ನು ಆಮೇಲೆ ಅಳಿಸಬೇಕೋ ಬೇಡವೋ ಎಂಬುದು ಕೊನೆಯ ಪ್ರಶ್ನೆ. ಯೂಟ್ಯೂಬ್ ಚಾನೆಲ್ಲೋ ಬ್ಲಾಗೋ ಇದ್ದರೆ ಅದೂ ಜೊತೆಗೇ ಹೋಗುತ್ತದೆ ಎಂಬುದು ಗಮನದಲ್ಲಿರಲಿ. ಏನೂ ತುಂಬದೆ ಬಿಟ್ಟರೂ ಖಾತೆ ಶಾಶ್ವತವೇನಲ್ಲ: 2 ವರ್ಷ ಬಳಸದ ವೈಯಕ್ತಿಕ ಖಾತೆಗಳನ್ನು ಅಳಿಸುವ ನಿಯಮವನ್ನು ಗೂಗಲ್ 2023ರಲ್ಲಿ ತಂದಿದೆ.

ಇಲ್ಲಿ ಎರಡು ಕಡೆ ಎಡವುತ್ತಾರೆ. ನೆನಪಿಗೆಂದು ಮನೆಯವರು ಆ ಆಂಡ್ರಾಯ್ಡ್ ಫೋನನ್ನು ಚಾರ್ಜ್ ಮಾಡಿ ವೈಫೈಗೆ ಸೇರಿಸಿ ಇಟ್ಟಿರುತ್ತಾರೆ. ಫೋನ್ ಆಗಾಗ ಗೂಗಲ್ ಸರ್ವರಿಗೆ ಹಾಜರಿ ಹಾಕುತ್ತಲೇ ಇರುತ್ತದೆ, ಗೂಗಲ್ ಲೆಕ್ಕದಲ್ಲಿ ಅದೂ ಬಳಕೆಯೇ. ಎಣಿಕೆ ಶುರುವಾಗುವುದೇ ಇಲ್ಲ. ಇನ್ನೊಂದು, ಗಡುವು ಮುಗಿದು ಬರುವ ಇಮೇಲ್ ನೋಡಿದವರಿಗೆ ಅದು ಮೋಸದ ಮೇಲ್ ಎಂದೇ ಅನಿಸುತ್ತದೆ. ತೀರಿಹೋದವರ ಹೆಸರು, ‘ಡೌನ್‌ಲೋಡ್ ಮಾಡಿ’ ಎಂಬ ಲಿಂಕ್: ಡಿಲೀಟ್ ಮಾಡಿದರೆ ಅವರದೇನೂ ತಪ್ಪಿಲ್ಲ. ಹೆಸರು ಕೊಡುವ ಮೊದಲು ಅವರಿಗೊಂದು ಮಾತು ಹೇಳಿಡಿ.

ಆಪಲ್‌ನಲ್ಲಿ ಇಂಥ ಕಾಯುವ ಗಡುವು ಎಂಬುದಿಲ್ಲ. ಐಓಎಸ್ 15.2ರಿಂದ ಲೆಗಸಿ ಕಾಂಟ್ಯಾಕ್ಟ್ ಎಂದು, ಅಂದರೆ ನಿಮ್ಮ ನಂತರ ಖಾತೆ ತೆರೆಯಬಲ್ಲವರೆಂದು, 5 ಜನರವರೆಗೆ ನೇಮಿಸಬಹುದು. ಸೆಟ್ಟಿಂಗ್ಸ್, ನಿಮ್ಮ ಹೆಸರು, ಸೈನ್-ಇನ್ ಅಂಡ್ ಸೆಕ್ಯೂರಿಟಿ, ಲೆಗಸಿ ಕಾಂಟ್ಯಾಕ್ಟ್. ಸೇರಿಸಿದಾಗ ಒಂದು ಆ್ಯಕ್ಸೆಸ್ ಕೀ ಹುಟ್ಟುತ್ತದೆ. ಪ್ರಿಂಟ್ ತೆಗೆದರೆ ಕ್ಯೂಆರ್ ಕೋಡ್ ಸಮೇತ ಬರುತ್ತದೆ. ಈ ಕೀ ಮತ್ತು ಮರಣ ಪ್ರಮಾಣಪತ್ರ ಎರಡೂ ಕೊಟ್ಟರೆ ಮಾತ್ರ ಬಾಗಿಲು ತೆರೆಯುವುದು. ಮೊದಲ ಅರ್ಜಿ ಒಪ್ಪಿಗೆಯಾದಾಗಿನಿಂದ 3 ವರ್ಷ ಅವಕಾಶ, ನಂತರ ಖಾತೆ ಪೂರ್ತಿ ಅಳಿಯುತ್ತದೆ. ಫೋಟೋ, ನೋಟ್ಸ್, ಬ್ಯಾಕಪ್ ಸಿಗುತ್ತವೆ. ಆಪಲ್‌ನದೇ ಪಾಸ್‌ವರ್ಡ್ ಪೆಟ್ಟಿಗೆಯಾದ ಕೀಚೈನ್‌ನಲ್ಲಿ ಉಳಿಸಿದ ಪಾಸ್‌ವರ್ಡುಗಳು, ಕೊಂಡ ಸಿನಿಮಾ, ಹಾಡು, ಪುಸ್ತಕ ಸಿಗುವುದಿಲ್ಲ. ಪಾಸ್‌ವರ್ಡುಗಳೆಲ್ಲ ಕೀಚೈನ್‌ನಲ್ಲೇ ಇರುವವರು ಇದೊಂದನ್ನೇ ನಂಬಿ ಕೂರುವಂತಿಲ್ಲ.

ಫೇಸ್‌ಬುಕ್‌ನಲ್ಲಿ ಒಬ್ಬರನ್ನು ಮಾತ್ರ ನೇಮಿಸಬಹುದು, ಇಲ್ಲವೇ ಸತ್ತ ಮೇಲೆ ಅಳಿಸಿ ಎಂದು ಗುರುತು ಹಾಕಬಹುದು. ನೇಮಕವಾದವರು ಪ್ರೊಫೈಲ್ ಫೋಟೋ ಬದಲಿಸಬಹುದು, ಮೇಲ್ಗಡೆ ಒಂದು ಪೋಸ್ಟ್ ಅಂಟಿಸಿಡಬಹುದು, ಮೆಸೇಜ್ ಓದಲಾಗದು. ಅಂಗಡಿಗೋ ಸಂಘಕ್ಕೋ ಪೇಜ್ ನಡೆಸುವವರು ಇನ್ನೊಂದನ್ನು ನೋಡಿಕೊಳ್ಳಬೇಕು. ಆ ಪೇಜಿಗೆ ನೀವೊಬ್ಬರೇ ಅಡ್ಮಿನ್ ಆಗಿದ್ದು, ನೀವು ತೀರಿಹೋದ ಸುದ್ದಿ ತಿಳಿದು ಫೇಸ್‌ಬುಕ್ ನಿಮ್ಮ ಖಾತೆಯನ್ನು ಸ್ಮರಣೆಯ ಖಾತೆಯಾಗಿ ಬದಲಿಸಿದರೆ ಪೇಜನ್ನೇ ತೆಗೆದುಹಾಕುತ್ತಾರೆ. ಈಗಲೇ ಇನ್ನೊಬ್ಬರನ್ನು ಅಡ್ಮಿನ್ ಮಾಡಿ. ವಾಟ್ಸಾಪ್ ಸಾಮಾನ್ಯವಾಗಿ 120 ದಿನ ಬಳಸದಿದ್ದರೆ ಅಳಿಯುತ್ತದೆ, ಅಷ್ಟರೊಳಗೆ ಬೇಕಾದ ಮಾತುಕತೆಗಳನ್ನು ಎಕ್ಸ್‌ಪೋರ್ಟ್ ಮಾಡಿಕೊಳ್ಳಬೇಕು.

ಪಾಸ್‌ವರ್ಡ್ ಮ್ಯಾನೇಜರುಗಳಲ್ಲಿ ಬಿಟ್‌ವಾರ್ಡನ್‌ನ ಎಮರ್ಜೆನ್ಸಿ ಆ್ಯಕ್ಸೆಸ್ ಅಚ್ಚುಕಟ್ಟಾಗಿದೆ. ನೀವು ನಂಬಿ ಮೊದಲೇ ಹೆಸರಿಸಿದವರು ಖಾತೆ ತೆರೆಯಲು ಕೇಳಿಕೆ ಕಳಿಸುತ್ತಾರೆ. ನೀವು ಇಟ್ಟ ಕಾಲ, ಅಂದರೆ 1 ದಿನದಿಂದ 90 ದಿನ, ಕಳೆಯುವುದರೊಳಗೆ ನೀವು ಬೇಡ ಎನ್ನದಿದ್ದರೆ ಬಾಗಿಲು ತೆರೆಯುತ್ತದೆ. ಬದುಕಿರುವಾಗ ಯಾರಾದರೂ ಇಣುಕಲು ಹೋದರೆ ಗೊತ್ತಾಗಿಬಿಡುತ್ತದೆ, ಅದೇ ಇದರ ಸೊಗಸು. ಆದರೆ ಆಹ್ವಾನ ಕಳಿಸಿ, ಅವರು ಒಪ್ಪಿದ ಮೇಲೆ ನೀವು ಮತ್ತೆ ಒಳಗೆ ಹೋಗಿ ಕನ್ಫರ್ಮ್ ಒತ್ತಬೇಕು. ಈ ಕೊನೆಯ ಹೆಜ್ಜೆ ಮರೆತರೆ ಏನೂ ನಡೆಯದು. ಒನ್‌ಪಾಸ್‌ವರ್ಡ್ ಬಳಸುವವರು ಅದರ ಎಮರ್ಜೆನ್ಸಿ ಕಿಟ್ ಎಂಬ ಖಾತೆ ವಿವರದ ಹಾಳೆಯನ್ನು ಪ್ರಿಂಟ್ ಮಾಡಿ ಖಾಲಿ ಜಾಗದಲ್ಲಿ ಪಾಸ್‌ವರ್ಡನ್ನು ಕೈಯಲ್ಲಿ ಬರೆಯಬೇಕು. ಹೊಸ ಕಂಪ್ಯೂಟರಿನಲ್ಲಿ ಆ ಹಾಳೆಯಲ್ಲಿರುವ ಸೀಕ್ರೆಟ್ ಕೀ ಇಲ್ಲದೆ ಪಾಸ್‌ವರ್ಡ್ ಒಂದೇ ಸಾಲದು.

ಸ್ವಂತ ಡೊಮೈನ್ (ತಮ್ಮದೇ ವೆಬ್ ವಿಳಾಸದ ಹೆಸರು) ಇದ್ದು ಅದರಲ್ಲೇ ಇಮೇಲ್ ನಡೆಸುವವರ ಸ್ಥಿತಿ ಎಲ್ಲರಿಗಿಂತ ನಾಜೂಕು. ಕಾರ್ಡ್ ಬಂದ್ ಆಗಿ ನವೀಕರಣ ತಪ್ಪಿತು ಎನ್ನಿ. ಡಾಟ್ ಕಾಮ್‌ನಂಥ ಹೆಸರುಗಳಿಗೆ ಅವಧಿ ಮುಗಿದ ಮೇಲೆ ಸ್ವಲ್ಪ ದಿನ ಹೆಚ್ಚುವರಿ ಕಾಲಾವಕಾಶ, ಹೆಸರು ಅಳಿಸಿದ ಮೇಲೆ ದುಬಾರಿ ಶುಲ್ಕ ಕೊಟ್ಟು ಬಿಡಿಸಿಕೊಳ್ಳಲು 30 ದಿನ, ಆಮೇಲೆ 5 ದಿನ, ಅಷ್ಟೇ. ಆ ಹೆಸರನ್ನು ಯಾರು ಬೇಕಾದರೂ ಕೊಳ್ಳಬಹುದು. ಕೊಂಡವರಿಗೆ ನಿಮ್ಮ ವಿಳಾಸಕ್ಕೆ ಬರುವ ಪಾಸ್‌ವರ್ಡ್ ಬದಲಾವಣೆಯ ಮೇಲ್‌ಗಳೂ ಸಿಗುತ್ತವೆ. ಇಂಥವರು ರಿಜಿಸ್ಟ್ರಾರ್ (ಡೊಮೈನ್ ಮಾರುವ ಕಂಪನಿ) ಹೆಸರು, ಲಾಗಿನ್, ನವೀಕರಣದ ತಾರೀಖು ಬರೆದಿಡಲೇಬೇಕು. ಹಲವು ವರ್ಷಕ್ಕೆ ಒಟ್ಟಿಗೇ ಕಟ್ಟಿಬಿಡುವುದು ಇನ್ನೂ ಒಳ್ಳೆಯದು. ರಿಜಿಸ್ಟ್ರಾರ್ ಖಾತೆಯ ಇಮೇಲ್ ಅದೇ ಡೊಮೈನಿನದ್ದಾಗಿರಬಾರದು.

ಕ್ರಿಪ್ಟೊ ಇದ್ದರೆ ಅದರ ಕೀಲಿಯಾದ 12 ಅಥವಾ 24 ಪದಗಳ ಸೀಡ್ ಫ್ರೇಸ್ ಕಾಗದದ ಮೇಲಿರಲಿ, ಆ ಕಾಗದದ ಫೋಟೋ ಕ್ಲೌಡಿನಲ್ಲಿ ಬೇಡ. ಅದು ಕಳೆದುಹೋದರೆ ದೂರು ಕೊಡಲು ಯಾವ ಕಚೇರಿಯೂ ಇಲ್ಲ.

ಇನ್ನು ಕಾಗದ. ಲಕೋಟೆಯಲ್ಲಿಡಲು ಒಂದು ಹಾಳೆ ಸಾಕು: ಫೋನಿನ ಪಿನ್, ಸಿಮ್ ಪಿನ್, ಮುಖ್ಯ ಇಮೇಲ್ ವಿಳಾಸ, ಪಾಸ್‌ವರ್ಡ್ ಮ್ಯಾನೇಜರ್ ಯಾವುದು, ಅದರ ಕೀಲಿ ಎಲ್ಲಿ. ಜೊತೆಗೆ ಗೂಗಲ್‌ನ ಬ್ಯಾಕಪ್ ಕೋಡುಗಳು, ಅಂದರೆ ಓಟಿಪಿ ಬಾರದಿದ್ದಾಗ ಅದರ ಬದಲು ಹಾಕುವವು. 8 ಅಂಕಿಯ 10 ಕೋಡ್ ಬರುತ್ತವೆ, ಒಂದೊಂದೂ ಒಂದೇ ಸಲಕ್ಕೆ. ಹೊಸ ಕಂತು ತೆಗೆದ ತಕ್ಷಣ ಹಳೆಯವು ಸತ್ತವು, ಹಾಗಾಗಿ ಲಕೋಟೆಯಲ್ಲಿದ್ದುದನ್ನೂ ಅಂದೇ ಬದಲಿಸಿ. ಹಾಳೆಯ ಮೇಲೆ ತಾರೀಖು ಹಾಕಿ. ಬ್ಯಾಂಕಿನ ಪಾಸ್‌ವರ್ಡ್ ಬರೆಯಬೇಡಿ. ಬ್ಯಾಂಕಿನ ಹೆಸರು, ಖಾತೆ ನಂಬರ್ ಸಾಕು. ತೀರಿಹೋದವರ ಲಾಗಿನ್ನಿನಿಂದ ಹಣ ತೆಗೆದರೆ ವಾರಸುದಾರರೇ ತೊಂದರೆಗೆ ಸಿಕ್ಕಿಕೊಳ್ಳಬಹುದು. ವಿಲ್‌ನಲ್ಲೂ ಪಾಸ್‌ವರ್ಡ್ ಬೇಡ, ಅದು ಹಲವರ ಕೈಗೆ ಹೋಗುವ ದಾಖಲೆ. ಲಕೋಟೆ ಎಲ್ಲಿದೆ ಎಂದಷ್ಟೇ ಅದರಲ್ಲಿರಲಿ.

ಬರೆದ ಮೇಲೆ ಪರೀಕ್ಷಿಸಿ ನೋಡಿ. ಫೋನ್ ಆಫ್ ಮಾಡಿ, ಹಾಳೆಯನ್ನು ಲಕೋಟೆ ತೆರೆಯಬೇಕಾದವರ ಕೈಗೆ ಕೊಟ್ಟು ಅವರು ಹಿಂದೆಂದೂ ಬಳಸದ ಕಂಪ್ಯೂಟರಿನಲ್ಲಿ ನಿಮ್ಮ ಇಮೇಲ್ ತೆರೆಯಲು ಹೇಳಿ. ನೀವು ಬಾಯಿ ಬಿಡಬಾರದು. ಅವರು ಎಲ್ಲಿ ತಡವರಿಸಿದರೋ ಅಲ್ಲಿ ಒಂದು ಸಾಲು ಕಡಿಮೆಯಿದೆ.

ಅದೇ ಹಾಳೆಯ ಹಿಂಬದಿಯಲ್ಲಿ ಮುಚ್ಚುವ ಕ್ರಮವನ್ನೂ ಬರೆಯಿರಿ. ಮೊದಲು ಫೋಟೋ, ದಾಖಲೆ ಇಳಿಸಿಕೊಳ್ಳುವುದು. ಆಮೇಲೆ ತಿಂಗಳು ತಿಂಗಳು ಹಣ ಕಡಿತವಾಗುವ ಸೇವೆಗಳು, ಸೋಷಿಯಲ್ ಮೀಡಿಯಾ. ಇಮೇಲನ್ನು ಕನಿಷ್ಠ ಒಂದು ವರ್ಷ ಮುಟ್ಟಬಾರದು, ವರ್ಷಕ್ಕೊಮ್ಮೆ ಬಿಲ್ ಕಳಿಸುವ ಸೇವೆ ಯಾವುದಿದೆ ಎಂಬುದು ಆ ಸುತ್ತು ಮುಗಿದ ಮೇಲೇ ತಿಳಿಯುವುದು. ಅಷ್ಟು ಕಾಲ ಸಿಮ್ ತೀರಾ ಅಗ್ಗದ ಪ್ಲಾನಿನಲ್ಲಿ ಜೀವಂತ ಇರಲಿ. ಬಂದ್ ಮಾಡಿಸುವ ಮುಂಚೆ ಉಳಿದಿರುವ ಪ್ರತಿ ಖಾತೆಯಿಂದ ಆ ನಂಬರನ್ನು ತೆಗೆಯಬೇಕು, ಏಕೆಂದರೆ ಕಂಪನಿಗಳು ಸ್ವಲ್ಪ ಕಾಲದ ನಂತರ ಅದೇ ನಂಬರನ್ನು ಬೇರೊಬ್ಬರಿಗೆ ಕೊಡುತ್ತವೆ, ಆಮೇಲೆ ಓಟಿಪಿ ಹೋಗುವುದು ಅವರಿಗೆ.